ಸಿಯಾಟಲ್‌ನ ಹಬೆಕೊಳವೆಗಳು

ಒಂದೇ ಕಡೆ ಬಾಯ್ಲರ್ ಉರಿಸಿ, ಅದರ ಹಬೆಯನ್ನು ನೆಲದಡಿಯ ಕೊಳವೆಗಳಲ್ಲಿ ಹತ್ತಾರು ಕಟ್ಟಡಗಳಿಗೆ ಹಂಚುವ ಪದ್ಧತಿಯನ್ನು ಬರ್ಡ್‌ಸಿಲ್ ಹಾಲಿ 1877ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್‌ನಲ್ಲಿ ನಡೆಸಿ ತೋರಿಸಿದ. ಸಿಯಾಟಲ್‌ಗೆ ಅದು 1893ರಲ್ಲಿ ಬಂತು. ನಾಲ್ಕು ವರ್ಷ ಹಿಂದೆ, 1889ರ ಜೂನ್‌ನಲ್ಲಿ, ಮರದ ಪೇಟೆ ಸುಟ್ಟು ಬೂದಿಯಾಗಿತ್ತು. ಇಟ್ಟಿಗೆ ಕಲ್ಲಿನಲ್ಲಿ ಮತ್ತೆ ಎದ್ದ ಕಟ್ಟಡಗಳಿಗೆ ಹೊರಗಿನಿಂದ ಬರುವ ಹಬೆ ಅನುಕೂಲವಾಯಿತು. ಆ ಜಾಲ ಇಂದಿಗೂ ಪೇಟೆಯ ಸುಮಾರು 200 ಕಟ್ಟಡಗಳನ್ನು ಬೆಚ್ಚಗಿಡುತ್ತಿದೆ. ಕಲ್ಲಿದ್ದಲು, ಎಣ್ಣೆ, ನೈಸರ್ಗಿಕ ಅನಿಲ, ಮರದ ಚೂರು ಹೀಗೆ ಉರುವಲು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಬಡವರ ವಸತಿಗೂ ಇದೇ ಏರ್ಪಾಡು ದಕ್ಕಿದ್ದು ಯೆಸ್ಲರ್ ಟೆರೇಸ್‌ನಲ್ಲಿ. 1939ರಲ್ಲಿ ಸ್ಥಾಪನೆಯಾದ ಸಿಯಾಟಲ್ ವಸತಿ ಪ್ರಾಧಿಕಾರ, ತನ್ನ ಮೊದಲ ನಿರ್ದೇಶಕ ಜೆಸ್ಸಿ ಎಪ್ಸ್‌ಟೈನ್ ನೇತೃತ್ವದಲ್ಲಿ ಫಸ್ಟ್ ಹಿಲ್ ಗುಡ್ಡದ ಮೇಲೆ ಈ ಬಡಾವಣೆಯನ್ನು ಕಟ್ಟಿತು. ವರ್ಣಭೇದವಿಲ್ಲದೆ ಮನೆ ಹಂಚಿದ ದೇಶದ ಮೊದಲ ಸಾರ್ವಜನಿಕ ವಸತಿಗಳಲ್ಲಿ ಇದೂ ಒಂದೆಂಬುದು ಅದರ ದೊಡ್ಡ ಹಿರಿಮೆ. 1941ರ ಹಬೆಸ್ಥಾವರವೊಂದು ಈ ಮನೆಗಳಿಗೆಲ್ಲ ಬಿಸಿ ಒದಗಿಸುತ್ತಿತ್ತು. ಬಾಡಿಗೆದಾರರು ಸೌದೆ, ಕಲ್ಲಿದ್ದಲು ಹೊರುವ ಕಷ್ಟ ತಪ್ಪಿತು. ಆ ಕಾಲದ ಬಡ ಕುಟುಂಬಕ್ಕೆ ಇದು ಸಣ್ಣ ಸವಲತ್ತಲ್ಲ.

ಇಂಥ ಜಾಲದಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಕೊಳವೆ. ಬಾಯ್ಲರ್ ಕಣ್ಣೆದುರಿಗಿರುತ್ತದೆ, ರಿಪೇರಿ ಸುಲಭ. ಕೊಳವೆ ಮಣ್ಣಿನೊಳಗೆ ಕಾಣದೆ ಸವೆಯುತ್ತದೆ. ಹಬೆ ತಣಿದು ನೀರಾದಾಗ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲೀಯವಾಗುತ್ತದೆ; ಹೀಗಾಗಿ ನೀರನ್ನು ಹಿಂದಕ್ಕೆ ತರುವ ಕೊಳವೆ ಒಳಗಿನಿಂದಲೇ ತೂತು ಬೀಳುತ್ತದೆ. ಹೊರಗೆ, ಮಳೆನೀರು ನುಸುಳಿ ಶಾಖ ತಡೆಯುವ ಹೊದಿಕೆ ನೆನೆದರೆ ಶಾಖ ಮಣ್ಣುಪಾಲಾಗುವುದಲ್ಲದೆ ಉಕ್ಕಿಗೆ ತುಕ್ಕೂ ಹಿಡಿಯುತ್ತದೆ. ಕಾದಾಗ ಹಿಗ್ಗಿ ಆರಿದಾಗ ಕುಗ್ಗುವ ಜೋಡಣೆಗಳು ದಶಕಗಳ ಬಳಿಕ ಬಿರಿಯುತ್ತವೆ. ಹಳೆಯ ಹೊದಿಕೆಗಳಲ್ಲಿ ಕಲ್ನಾರು ಇರುವುದರಿಂದ ಅಗೆದು ತೆಗೆಯುವ ಕೆಲಸವೂ ಅಪಾಯಕರ.

ಕೊಳವೆ ಮುದಿಯಾದಾಗ ಉಳಿಯುವ ದಾರಿ ಎರಡು: ಜಾಲವನ್ನು ಹೊಸದಾಗಿ ಹಾಕುವುದು, ಇಲ್ಲವೇ ಅದನ್ನು ಕೈಬಿಟ್ಟು ಪ್ರತಿ ಮನೆಗೂ ಬೇರೆ ಬೇರೆ ವ್ಯವಸ್ಥೆ ಮಾಡುವುದು. ಡೆನ್ಮಾರ್ಕ್ ಮೊದಲನೆಯದನ್ನು ಆರಿಸಿಕೊಂಡಿತು. ಉಕ್ಕಿನ ಕೊಳವೆ, ಸುತ್ತ ಪಾಲಿಯುರೆಥೇನ್ ನೊರೆ, ಹೊರಗೆ ಪ್ಲಾಸ್ಟಿಕ್ ಕವಚ ಸೇರಿಸಿ ಕಾರ್ಖಾನೆಯಲ್ಲೇ ಸಿದ್ಧಪಡಿಸಿದ ಕೊಳವೆಗಳು ಅಲ್ಲಿ ಬಳಕೆಗೆ ಬಂದವು. ನೊರೆಯೊಳಗಿನ ತಂತಿಗಳು ಸೋರಿಕೆಯ ಜಾಗವನ್ನು ಪತ್ತೆಹಚ್ಚುತ್ತವೆ. ಯೆಸ್ಲರ್ ಟೆರೇಸ್‌ನಲ್ಲಾದರೋ ಹಬೆಸ್ಥಾವರವೇ 1980ರ ದಶಕದ ಕೊನೆಗೆ ನಿಂತಿತು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಐ-5 ಹೆದ್ದಾರಿ ಬಡಾವಣೆಯ ಒಂದು ಭಾಗವನ್ನು ನುಂಗಿತ್ತು. ಹಳೆಯ ಮನೆಗಳ ಜಾಗದಲ್ಲಿ ಈಗ ಹೊಸ ಬಹುಮಹಡಿ ವಸತಿಗಳಿವೆ. ಸ್ಥಾವರದ ಕಟ್ಟಡವನ್ನು ಮಾತ್ರ ಕೆಡವದೆ ಉಳಿಸಿ, ಎಪ್ಸ್‌ಟೈನ್ ಹೆಸರಿನ ಕೇಂದ್ರವಾಗಿ ಮಾರ್ಪಡಿಸಿದ್ದು ಒಳ್ಳೆಯ ನಿರ್ಧಾರ.

ನಗರದ ಉತ್ತರಕ್ಕೆ, ಮಿಲ್ ಕ್ರೀಕ್ ಮತ್ತು ಬಾಥೆಲ್ ಹಾದು ಸಮಾಮಿಶ್ ನದಿ ಸೇರುವ ನಾರ್ತ್ ಕ್ರೀಕ್ ತೊರೆಯ ಬಡಾವಣೆಗಳಲ್ಲಿ ಕೊಳವೆ ಮುದಿಯಾಗುವ ಈ ಸಮಸ್ಯೆ ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ. ಅಂಗಳ ಬಿಟ್ಟು ದೂರದೂರ ಕಟ್ಟಿದ ಮನೆಗಳಿಗೆ ಕೊಳವೆ ಎಳೆದರೆ ದಾರಿಯಲ್ಲೇ ಶಾಖ ಕಳೆಯುತ್ತದೆ. ಹಾಗಾಗಿ ಮನೆಗೊಂದು ಫರ್ನೇಸ್ ಅಥವಾ ಹೀಟ್ ಪಂಪ್ ವಾಡಿಕೆ.

ತೊರೆಯ ಜೌಗಿನ ಅಂಚಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾಥೆಲ್ ಕ್ಯಾಂಪಸ್ ಇದೆ. ಸಿಯಾಟಲ್‌ನಲ್ಲಿರುವ ಆ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಮಾತ್ರ ಹಬೆಯನ್ನೇ ನೆಚ್ಚಿದೆ. ಅಲ್ಲಿನ ಕೊಳವೆಗಳು ಜನ ನಡೆದು ಹೋಗಬಹುದಾದ ಸುರಂಗಗಳಲ್ಲಿರುವುದರಿಂದ ತಪಾಸಣೆ, ದುರಸ್ತಿಗೆ ರಸ್ತೆ ಅಗೆಯಬೇಕಿಲ್ಲ. ಆರಂಭದ ಖರ್ಚು ಹೆಚ್ಚಾದರೂ ಇದೇ ಜಾಣತನ. ಈಗ ಹಬೆ ಬಿಟ್ಟು ಕಡಿಮೆ ಉಷ್ಣತೆಯ ಬಿಸಿನೀರಿಗೆ ಹೊರಳುವ ಯೋಜನೆ ಅಲ್ಲಿದೆ. ನೀರಿನ ಉಷ್ಣತೆ ತಗ್ಗಿದಷ್ಟೂ ನಷ್ಟ ಕಡಿಮೆ, ಹೀಟ್ ಪಂಪ್‌ಗೂ ಅನುಕೂಲ. ಆದರೆ ಕಡಿಮೆ ಬಿಸಿಯ ನೀರು ಅಷ್ಟೇ ಶಾಖ ಕೊಡಲು ಹೆಚ್ಚು ಹರವಿನ ಸುರುಳಿ ಬೇಕು. ಆದ್ದರಿಂದ ಇಂಥ ಬದಲಾವಣೆ ಕೊಳವೆಯೊಂದಿಗೇ ಮುಗಿಯುವುದಿಲ್ಲ. ಪ್ರತಿ ಕಟ್ಟಡದೊಳಗಿನ ಉಪಕರಣಗಳನ್ನೂ ಒಂದೊಂದಾಗಿ ಬದಲಿಸಬೇಕಾಗುತ್ತದೆ.