ಶ್ವಾಸಮಾರ್ಗವೂ ವಂಶವಾಹಿ ನಿಗ್ರಹವೂ

ಔಷಧವನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುವ ಪದ್ಧತಿ ಹಳೆಯದು. ಉಬ್ಬಸಕ್ಕೆ ದತ್ತೂರಿಯ ಹೊಗೆ ಸೇದುವ ವಾಡಿಕೆ ಮದರಾಸಿನಿಂದಲೇ 1802ರಲ್ಲಿ ಇಂಗ್ಲೆಂಡನ್ನು ತಲುಪಿತು. ಆ ಹೊಗೆ ಶ್ವಾಸನಾಳಗಳ ಬಿಗಿತವನ್ನು ಸಡಿಲಿಸುತ್ತಿತ್ತು, ಅಷ್ಟೆ. ಜೀವಕೋಶವನ್ನು ಹೊಕ್ಕು ಒಂದು ವಂಶವಾಹಿಯ ಆಜ್ಞೆಯನ್ನೇ ತಡೆಯಬಲ್ಲ ಔಷಧವನ್ನು ಅದೇ ದಾರಿಯಲ್ಲಿ ಕಳುಹಿಸುವ ಯತ್ನ ಬಹು ಈಚಿನದು. ಅದರ ಮೊದಲ ಘಟ್ಟವನ್ನು ವಿಫಲವೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರಯೋಗಗಳ ಅಂಕಿಗಳು ಅಂತಹ ತೀರ್ಪಿಗೆ ಎಡೆಗೊಡುವುದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಜೋಡಿ ಎಳೆಯ ಆರ್‌ಎನ್‌ಎ ತನಗೆ ಅನುರೂಪವಾದ ವಂಶವಾಹಿಯ ಸಂದೇಶವನ್ನು ನಾಶಗೊಳಿಸುತ್ತದೆಂಬುದನ್ನು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ದುಂಡುಹುಳುವೊಂದರಲ್ಲಿ ತೋರಿಸಿದರು; 2006ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಉದ್ದನೆಯ ಜೋಡಿ ಎಳೆಯನ್ನು ಸಸ್ತನಿಗಳ ಜೀವಕೋಶಗಳು ವೈರಸ್ಸಿನ ಆಕ್ರಮಣವೆಂದೇ ಭಾವಿಸುವುದರಿಂದ ಅಲ್ಲಿ ಈ ತಂತ್ರ ನೇರವಾಗಿ ಸಲ್ಲಲಿಲ್ಲ. 2001ರಲ್ಲಿ ಥಾಮಸ್ ಟುಶ್ಲ್ ಅವರ ತಂಡದವರು 21 ಅಕ್ಷರಗಳ ಕಿರುತುಣುಕನ್ನು ಬಳಸಿ ಈ ತೊಡಕನ್ನು ದಾಟಿದರು.

ಶ್ವಾಸಕೋಶವು ಹೊರಗಾಳಿಗೆ ತೆರೆದ ಅಂಗವಾದುದರಿಂದ ಕೆಲಸ ಅಲ್ಲಿಯೇ ಸುಲಭವೆಂದು ಹಲವರು ನಂಬಿದುದು ಸಹಜ. ಶಿಶುಗಳನ್ನು ವಿಶೇಷವಾಗಿ ಬಾಧಿಸುವ ಆರ್‌ಎಸ್‌ವಿ ಎಂಬ ವೈರಸ್ಸನ್ನು ಇಲಿಗಳಲ್ಲಿ ಮೂಗಿನ ಮೂಲಕ ಕೊಟ್ಟ ಕಿರುತುಣುಕುಗಳಿಂದ ತಡೆಯಬಹುದೆಂದು ಸೈಲೆನ್ ಬಾರಿಕ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಅದೇ ವೈರಸ್ಸಿಗಾಗಿ ಅಮೆರಿಕದ ಆಲ್‌ನೈಲಮ್ ಸಂಸ್ಥೆ ಸಿದ್ಧಪಡಿಸಿದ ಔಷಧದ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಾದ 88 ಮಂದಿಗೆ ಮೂಗಿನಲ್ಲಿ ಔಷಧವನ್ನೋ ಹುಸಿಮದ್ದನ್ನೋ ಸಿಂಪಡಿಸಿ, ನಡುವೆ ಬುದ್ಧಿಪೂರ್ವಕವಾಗಿ ವೈರಸ್ಸನ್ನು ಸೋಕಿಸಲಾಯಿತು. ಹುಸಿಮದ್ದು ಪಡೆದವರಲ್ಲಿ ಶೇಕಡಾ 71.4, ಔಷಧ ಪಡೆದವರಲ್ಲಿ ಶೇಕಡಾ 44.2 ಮಂದಿಗೆ ಸೋಂಕು ತಗಲಿತು. ಆದರೆ ಸಿಂಪಡಿಕೆ ಆರಂಭವಾದುದು ಸೋಂಕಿಗೆ ಎರಡು ದಿನ ಮೊದಲೇ. ನಿಜವಾದ ರೋಗಿ ಅಷ್ಟು ಮುಂಚಿತವಾಗಿ ವೈದ್ಯನಲ್ಲಿಗೆ ಬರುವುದಿಲ್ಲವಷ್ಟೆ! ಮುಂದೆ ಶ್ವಾಸಕೋಶದ ಕಸಿಯಾಗಿ ಈ ಸೋಂಕಿಗೆ ಒಳಗಾಗಿದ್ದ 87 ರೋಗಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಔಷಧವನ್ನು ಮಂಜಿನ ರೂಪದಲ್ಲಿ ಉಸಿರಾಡಿಸಲಾಯಿತು. ಕಸಿಯಾದ ಅಂಗದ ಕಿರುನಾಳಗಳು ಮುಚ್ಚಿಹೋಗುವ ತೊಂದರೆ 180 ದಿನಗಳಲ್ಲಿ ಹುಸಿಮದ್ದಿನವರಲ್ಲಿ ಶೇಕಡಾ 30.3, ಔಷಧದವರಲ್ಲಿ ಶೇಕಡಾ 13.6 ಇತ್ತು. ಅಂತರ ದೊಡ್ಡದೇ, ಆದರೆ ಮುಖ್ಯ ಎಣಿಕೆಯಲ್ಲಿ ಅದು ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡಿತು. ಇದನ್ನು ಸೋಲೆನ್ನುವುದಕ್ಕಿಂತ ಅನಿರ್ಣೀತವೆನ್ನುವುದೇ ನ್ಯಾಯ.

ಅಡಚಣೆಗಳು ನಿಜವಾಗಿದ್ದವು. ಸುಮಾರು 5 ಮೈಕ್ರಾನಿಗಿಂತ ದೊಡ್ಡ ಹನಿಗಳು ಬಹುಮಟ್ಟಿಗೆ ಗಂಟಲಿನಲ್ಲಿಯೇ ನಿಲ್ಲುತ್ತವೆ; ಒಳಹೊಕ್ಕವನ್ನು ಲೋಳೆಯೂ ಭಕ್ಷಕಕೋಶಗಳೂ ತಡೆಯುತ್ತವೆ. ಕಿರುತುಣುಕುಗಳು ತಮ್ಮ ಗುರಿಗೆ ಸಂಬಂಧವಿಲ್ಲದೆಯೂ ದೇಹದ ರಕ್ಷಣಾವ್ಯವಸ್ಥೆಯನ್ನು ಕೆಣಕಬಲ್ಲವೆಂದು 2008ರಲ್ಲಿ ತಿಳಿದುಬಂದುದು ಇನ್ನೊಂದು ಸಂದೇಹಕ್ಕೆ ಕಾರಣವಾಯಿತು. ಇತ್ತ ದೇಹದೊಳಗೆ ಮುಚ್ಚಿಕೊಂಡಿರುವ ಯಕೃತ್ತು ರಕ್ತದಲ್ಲಿ ಬಂದ ಕೊಬ್ಬಿನ ಕಣಗಳನ್ನು ತಾನಾಗಿ ಬರಮಾಡಿಕೊಂಡಿತು. 2018ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಈ ವರ್ಗದ ಮೊದಲ ಔಷಧ ಪಾಟಿಸಿರಾನ್ ಸೇರಿದುದು ಅಲ್ಲಿಗೆ.

ಅನಂತರ ಆರೋಹೆಡ್ ಸಂಸ್ಥೆ ಶ್ವಾಸಕೋಶದ ಜೀವಕೋಶಗಳ ಮೇಲಿನ ಗ್ರಾಹಕಕ್ಕೆ ಅಂಟುವ ಅಣುವನ್ನು ಕಿರುತುಣುಕಿಗೆ ಜೋಡಿಸಿತು. ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕಾಗಿ ಹೀಗೆ ಸಿದ್ಧವಾದ ಔಷಧ ಇಲಿಗಳ ದೀರ್ಘಾವಧಿ ಪರೀಕ್ಷೆಯಲ್ಲಿ ಶ್ವಾಸಕೋಶದ ಉರಿಯೂತವನ್ನು ತೋರಿದುದರಿಂದ 2021ರಲ್ಲಿ ಮಾನವ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಅದೇ ಸಂಸ್ಥೆಯ ಇನ್ನೊಂದು ಔಷಧವನ್ನು ಉಸಿರಾಡಿದವರ ರಕ್ತದಲ್ಲಿ ರೇಜ್ ಎಂಬ ಪ್ರೋಟೀನು ಬಹಳಷ್ಟು ಇಳಿದುದು 2023ರಲ್ಲಿ ವರದಿಯಾಯಿತು. ಅಲ್ಲಿ ಅಳೆದುದು ಪ್ರೋಟೀನನ್ನು, ಉಬ್ಬಸವನ್ನಲ್ಲ.