ಗುಂಡ್ಲುಪೇಟೆ ಶೆಡ್ಡುಗಳಲ್ಲಿ ಇಂಜಿನ್ ಬದಲಾದ ಕಾಲ

ಇಂಗ್ಲೆಂಡಿನ ಎಂ.ಜಿ. ಕಂಪನಿ 1955ರಲ್ಲಿ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರನ್ನು ಹೊರಬಿಟ್ಟಿತು. ಎರಡೇ ಸೀಟು, ತಗ್ಗು ಮೈಕಟ್ಟು, ಎರಡು ಕಾರ್ಬುರೇಟರು. ಬಾನೆಟ್ಟಿನೊಳಗಿದ್ದದ್ದು ಬಿ-ಸೀರೀಸ್ ಕುಲದ 1489 ಸಿ.ಸಿ. ಇಂಜಿನ್. ಅದೇ ಕುಲದ, ಅಷ್ಟೇ ಸಿ.ಸಿ.ಯ ಇಂಜಿನ್ ಒಂದು ಕಾರ್ಬುರೇಟರು ಹೊತ್ತುಕೊಂಡು 1959ರಲ್ಲಿ ನಮ್ಮ ಅಂಬಾಸಡರಿಗೂ ಬಂತು. ಚಾಮರಾಜನಗರದಿಂದ ಮದುವೆಗೆ, ಮೈಸೂರಿನ ಆಸ್ಪತ್ರೆಗೆ, ಬಿಳಿಗಿರಿರಂಗನ ಬೆಟ್ಟದ ತೇರಿಗೆ ಜನ ತುಂಬಿಕೊಂಡು ಹೊರಡುತ್ತಿದ್ದ ಟ್ಯಾಕ್ಸಿಗಳಲ್ಲಿ ಓಡಿದ್ದು ಆ ಸ್ಪೋರ್ಟ್ಸ್ ಕಾರಿನ ಇಂಜಿನ್ನಿನ ಒಡಹುಟ್ಟು. ಮುಂದೆ ಡೀಸೆಲ್ ಕಾಲ ಬಂದಾಗ ಆ ಇಂಜಿನ್ನುಗಳನ್ನೆಲ್ಲ ಇಳಿಸಿ ಶೆಡ್ಡಿನ ಮೂಲೆಗೆ ತಳ್ಳಿದರು. ಎಷ್ಟೋ ವರ್ಷದ ಮೇಲೆ ಹಳೇ ಎಂ.ಜಿ. ಇಟ್ಟುಕೊಂಡಿದ್ದವರೊಬ್ಬರು ರಾಕರ್ ಶಾಫ್ಟು, ವಾಲ್ವು, ಟೈಮಿಂಗ್ ಚೈನು ಹುಡುಕುತ್ತ ನಮ್ಮಪ್ಪನ ಶೆಡ್ಡಿಗೆ ಬಂದರು. ಆ ಮೂಲೆಯ ಕಬ್ಬಿಣಕ್ಕೂ ಬೆಲೆ ಉಂಟು ಅಂತ ನಮಗೆ ಗೊತ್ತಾದದ್ದು ಅವತ್ತೇ.

ಶೆಡ್ಡು ಇದ್ದದ್ದು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಮಗ್ಗುಲಿಗೆ. ನಾನು ಅಲ್ಲೇ ಸ್ಪ್ಯಾನರು ಹಿಡಿದು ಬೆಳೆದವನು. ಈಗ ಚಾಮರಾಜನಗರದಲ್ಲಿ ಲೇತ್ ಇಟ್ಟಿದ್ದೇನೆ.

ಗುಂಡ್ಲುಪೇಟೆ ಶೆಡ್ಡುಗಳ ಊರಾಗಲು ಕಾರಣ ಅಲ್ಲಿನ ರಸ್ತೆ. ಮೈಸೂರಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ಬಂಡೀಪುರ, ಮುದುಮಲೈ ಹಾದು ಊಟಿಗೆ, ಇನ್ನೊಂದು ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿ, ಕಲ್ಲಿಕೋಟೆಗೆ. ತೆರಕಣಾಂಬಿಯ ಮೇಲೆ ಬರುವ ರಸ್ತೆ ಚಾಮರಾಜನಗರವನ್ನು ಇದಕ್ಕೆ ಸೇರಿಸುತ್ತದೆ. ಯಾವ ಕಡೆ ಹೊರಟರೂ ಮುಂದೆ ಕಾಡು, ಕಾಡಿನಾಚೆ ಘಾಟಿ. ಬ್ರೇಕು, ಕ್ಲಚ್ಚು, ರೇಡಿಯೇಟರು ನೋಡಿಸಿಕೊಳ್ಳದೆ ಯಾವ ಡ್ರೈವರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಘಾಟಿ ಹತ್ತಿಳಿದು ಸುಸ್ತಾದ ಗಾಡಿ ಮೊದಲು ನಿಲ್ಲುತ್ತಿದ್ದದ್ದೂ ಇಲ್ಲೇ. ತರಕಾರಿ, ಅರಿಸಿನ, ಹೂವು ಹೊತ್ತ ಲಾರಿ ಕೆಟ್ಟು ನಿಂತರೆ ಸರಕು ಕೊಳೆಯುತ್ತದೆ, ಕಂಪನಿಯಿಂದ ಸಾಮಾನು ಬರಲಿ ಅಂತ ಕಾಯುವ ಹಾಗಿಲ್ಲ. ಇದ್ದದ್ದರಲ್ಲೇ ಹೊಂದಿಸಿ ಓಡಿಸುವ ಈ ಊರಿನ ಕೈಚಳಕ ಆ ಅವಸರದಲ್ಲಿ ಹುಟ್ಟಿದ್ದು.

ಗಾಡಿಗೆ ಬೇರೆ ಉಸಿರು ಹಾಕುವ ಕೆಲಸ ಡೀಸೆಲಿಗಿಂತ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ನು ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳ ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿದರು. ಹೊರಡುವ ಮುಂಚೆ ಕ್ಲೀನರು ಗಾಳಿಯಂತ್ರ ತಿರುಗಿಸಿ ಕೆಂಡ ಎಬ್ಬಿಸಬೇಕಿತ್ತು. ಪೆಟ್ರೋಲಿನಲ್ಲಿ ಬರುತ್ತಿದ್ದ ಶಕ್ತಿ ಅದರಲ್ಲಿ ಬಾರದೆ ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತಿತ್ತು. ಯುದ್ಧ ಮುಗಿದ ಮೇಲೆ ಒಲೆ ಹೋಗಿ ಪೆಟ್ರೋಲ್ ಮರಳಿತು. ಆಮೇಲೆ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಇಂಜಿನ್ ಮಾಡತೊಡಗಿತು. ಆರು ಸಿಲಿಂಡರಿನ ಪಿ-6 ಇಂಜಿನ್ ಫಾರ್ಗೋ, ಡಾಡ್ಜ್ ಲಾರಿಗಳಿಗೆ ಹೊಂದಿಕೊಂಡಿತು. 1954ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾದವರು ಮರ್ಸಿಡಿಸ್ ಬೆಂಝ್ ಜತೆ ಸೇರಿ ಡೀಸೆಲ್ ಲಾರಿ ಶುರುಮಾಡಿದ ಮೇಲಂತೂ ಪೆಟ್ರೋಲ್ ಲಾರಿಯ ದಿನ ಮುಗಿದಂತೆಯೇ. ಅಪ್ಪ ಕೆಲಸ ಕಲಿತದ್ದು ಈ ಸಂಧಿಯಲ್ಲಿ. ಇಂಜಿನ್ ಬದಲಿಸುವುದು ಅವರ ಪೀಳಿಗೆಗೆ ಶೋಕಿಯಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಆದರೆ ಈ ಸೀಮೆಯ ನಿಜವಾದ ಕಥೆ ಇರುವುದು ಜೀಪಿನಲ್ಲಿ. ಮಹೀಂದ್ರಾದವರು 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದರು. ಸಿಜೆ-3ಬಿ ಜೀಪಿನ ಹರಿಕೇನ್ ಇಂಜಿನ್ 2199 ಸಿ.ಸಿ.ಯದು. ಒಳಕ್ಕೆ ಎಳೆಯುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಬ್ಲಾಕಿನಲ್ಲಿ. ಕೂಲಾಗಿ ಓಡುವ, ದನಿ ಚೆಂದದ ಇಂಜಿನ್. ಅತ್ತಿಕಾನ್, ಹೊನ್ನಮೇಟಿಯ ಕಾಫಿ ತೋಟಗಳಿಗೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ 1454 ಮೀಟರ್ ಎತ್ತರದ ಗುಡಿಗೆ, ಚಾಮರಾಜನಗರದ ಕರಿಕಲ್ಲಿನ ಕ್ವಾರಿಗಳಿಗೆ, ಅರಣ್ಯ ಇಲಾಖೆಯ ಗಸ್ತಿಗೆ ಜೀಪು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಆದರೆ ಅದರ ಹೊಟ್ಟೆ ದೊಡ್ಡದು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬೆಲೆ ಏರಿಸಿದ ಮೇಲೆ ಲೀಟರಿಗೆ ಏಳೆಂಟು ಕಿಲೋಮೀಟರು ಕೊಡುವ ಜೀಪನ್ನು ಬಾಡಿಗೆಗೆ ಬಿಟ್ಟು ಯಾರು ಬದುಕುತ್ತಾರೆ? ಮಹೀಂದ್ರಾ ಕಂಪನಿಯೇ ಮೊದಲು ಟ್ರ್ಯಾಕ್ಟರಿನ ಇಂಟರ್‌ನ್ಯಾಷನಲ್ ಡೀಸೆಲ್ ಇಂಜಿನ್ನನ್ನು, 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿ.ಸಿ. ಡೀಸೆಲ್ ಇಂಜಿನ್ನನ್ನು ಜೀಪಿಗೆ ಕೂರಿಸಿತು. ಹೊಸ ಜೀಪು ಕೊಳ್ಳುವಷ್ಟು ದುಡ್ಡಿಲ್ಲದವರು ಹಳೇ ಜೀಪು, ಗುಜರಿಯಿಂದ ತಂದ ಡೀಸೆಲ್ ಇಂಜಿನ್ನು ಎರಡನ್ನೂ ಶೆಡ್ಡಿನ ಮುಂದೆ ಇಳಿಸಿ, "ಏನಾರ ಮಾಡಿ ಕೂರ್ಸ್ಕೊಡಣ್ಣೋ" ಅನ್ನುತ್ತಿದ್ದರು.

ಕೂರಿಸುವುದು ಸುಲಭದ ಮಾತಲ್ಲ. ಹೊಸ ಇಂಜಿನ್ನಿನ ಹಿಂಬದಿಯ ಬೋಲ್ಟುಗಳು ಹಳೇ ಗೇರ್ ಬಾಕ್ಸಿನ ಬೆಲ್ ಹೌಸಿಂಗಿಗೆ ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ಪ್ಲೇಟೊಂದನ್ನು ಕಡಿದು, ಒಂದು ಮೈಗೆ ಇಂಜಿನ್ನಿನ ತೂತು, ಇನ್ನೊಂದು ಮೈಗೆ ಗೇರ್ ಬಾಕ್ಸಿನ ತೂತು ಹೊಡೆಯಬೇಕು. ತೂತು ಹೊಡೆಯುವುದು ಯಾರಿಗಾದರೂ ಬರುತ್ತದೆ. ಕ್ರ್ಯಾಂಕಿನ ನಡುಗೆರೆ ಮತ್ತು ಗೇರ್ ಬಾಕ್ಸ್ ಶಾಫ್ಟಿನ ನಡುಗೆರೆ ಒಂದೇ ಆಗಬೇಕಲ್ಲ, ಕೆಲಸ ಇರುವುದು ಅಲ್ಲಿ. ಕೂದಲೆಳೆ ತಪ್ಪಿದರೂ ಪೈಲಟ್ ಬೇರಿಂಗು ಕೂಗುತ್ತದೆ, ಓಡುವಾಗಲೇ ಗೇರು ತಾನಾಗಿ ಕಳಚುತ್ತದೆ. ನಮ್ಮಲ್ಲಿ ಡಯಲ್ ಗೇಜು ಇರಲಿಲ್ಲ. ಅಪ್ಪ ಫ್ಲೈವೀಲಿಗೆ ಒಂದು ಕಂಬಿ ಕಟ್ಟಿ, ಅದರ ಚೂಪು ತುದಿ ಬೆಲ್ ಹೌಸಿಂಗಿನ ದುಂಡು ಬಾಯಿಗೆ ತಾಗಿಯೂ ತಾಗದಂತೆ ಬಗ್ಗಿಸುತ್ತಿದ್ದರು. ನಾನು ಮುಂದಿನಿಂದ ಕ್ರ್ಯಾಂಕನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಕಂಬಿ ಸುತ್ತು ಬರುವಾಗ ಅವರು ಬ್ಯಾಟರಿ ಹಿಡಿದು ಸಂದು ನೋಡುವರು. ಒಂದು ಕಡೆ ಸವರಿ ಇನ್ನೊಂದು ಕಡೆ ಬೆಳಕು ಬಿಟ್ಟರೆ ಪ್ಲೇಟು ಬಿಚ್ಚಿ ಮತ್ತೆ ಸರಿಸಬೇಕು. "ಕಣ್ಣಂದಾಜ್ನಲ್ಲಿ ಕಟ್ಬ್ಯಾಡ ಕನ ಮಗ, ಕಂಬಿ ಹೇಳ್ತದ, ಅದ್ರ ಮಾತ್ ಕೇಳು" ಅನ್ನುವರು. ಸುತ್ತಲೂ ಒಂದೇ ಸಮ ಸಂದು ಬಂದ ಮೇಲಷ್ಟೇ ಗುರುತಿನ ಪಿನ್ನು ಹೊಡೆಯುತ್ತಿದ್ದರು. ಹಾಗೆ ಕಟ್ಟಿದ ಜೀಪುಗಳು ಇವತ್ತಿಗೂ ಗೇರು ಕಳಚದೆ ಓಡುತ್ತಿವೆ.

ಅದಾದ ಮೇಲೆ ಚೇಂಬರಿನ ತಕರಾರು. ಡೀಸೆಲ್ ಇಂಜಿನ್ನಿನ ಆಯಿಲ್ ಚೇಂಬರು ಮುಂದಿನ ಆಕ್ಸಲ್ಲಿನ ಹೌಸಿಂಗಿಗೆ ತಾಗುತ್ತದೆ. ಗಾಡಿ ನಿಂತಾಗ ತಾಗದಿದ್ದರೂ ಗುಂಡಿಗೆ ಬಿದ್ದು ಬ್ಲೇಡು ಕಟ್ಟು ಕುಗ್ಗಿದಾಗ ಬಡಿಯುತ್ತದೆ. ಎರಡರ ನಡುವೆ ಜೇಡಿಮಣ್ಣಿನ ಉಂಡೆ ಇಟ್ಟು, ಹಿಂದೆ ಮುಂದೆ ಜನ ಕೂರಿಸಿ ಕುಣಿಸಿ, ಉಂಡೆ ಎಷ್ಟು ಚಪ್ಪಟೆಯಾಯಿತು ನೋಡಿ, ಚೇಂಬರು ಕತ್ತರಿಸಿ ಬೆಸುಗೆ ಹಾಕುತ್ತಿದ್ದರು. ಡೀಸೆಲಿನ ಸುತ್ತು ಕಡಿಮೆ. ಹಳೇ ಜೀಪಿನ ಕ್ರೌನ್ ಪಿನಿಯನ್ 43ಕ್ಕೆ 8 ಹಲ್ಲಿನದು. ಹಾಗಾಗಿ ಸಮತಟ್ಟು ರಸ್ತೆಯಲ್ಲಿ ಜೀಪು ಜೋರಾಗಿ ಓಡುತ್ತಿರಲಿಲ್ಲ, ಬೆಟ್ಟಕ್ಕೆ ಮಾತ್ರ ಎತ್ತಿನ ಹಾಗೆ ಹತ್ತುತ್ತಿತ್ತು. ನಮ್ಮ ಗಿರಾಕಿಗಳಿಗೆ ಬೇಕಿದ್ದದ್ದೂ ಅದೇ.

ಸಾಮಾನು ತರುವುದೇ ಒಂದು ವಿದ್ಯೆ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಒಂದು ದಿಕ್ಕು. ಇನ್ನೊಂದು ದಿಕ್ಕು ಕೊಯಮತ್ತೂರು. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿದರೆ ಬಣ್ಣಾರಿ, ಸತ್ಯಮಂಗಲ, ಅಲ್ಲಿಂದ ಮುಂದೆ ಕೊಯಮತ್ತೂರು. ಪಂಪು, ಮೋಟಾರು ಮಾಡುವ ಆ ಊರಿನ ಎರಕದವರು, ಲೇತಿನವರು ಮಾದರಿ ಕೊಟ್ಟರೆ ಏನನ್ನಾದರೂ ಮಾಡಿಕೊಡುವಂಥವರು. ಗಡಿಯ ಜನವಾದ ನಮಗೆ ತಮಿಳೂ ಬರುತ್ತದೆ, ಕೊಯಮತ್ತೂರು ಪರಊರು ಅನಿಸುತ್ತಿರಲಿಲ್ಲ. ಮೂರನೆಯ ದಾರಿ ಸರ್ಕಾರಿ ಹರಾಜು. ಸೈನ್ಯ ವಿಲೇವಾರಿ ಮಾಡಿದ ಜೋಂಗಾಗಳು ಹೀಗೆ ಖಾಸಗಿಯವರ ಕೈಸೇರಿದವು. ನಿಸ್ಸಾನ್ ಲೈಸೆನ್ಸಿನ ಮೇಲೆ ಜಬಲ್‌ಪುರದಲ್ಲಿ ಕಟ್ಟಿದ ಗಾಡಿ, ಆರು ಸಿಲಿಂಡರಿನ ಸುಮಾರು 4 ಲೀಟರ್ ಪೆಟ್ರೋಲ್ ಇಂಜಿನ್. ಕೊಂಡವರಲ್ಲಿ ಬಹಳ ಮಂದಿ ಮೊದಲು ಮಾಡಿಸಿದ್ದು ಇಂಜಿನ್ ಬದಲು.

ನಂಬರು ಬಲ್ಲವನಿಗೆ ಕಂಪನಿಯ ಹಂಗಿಲ್ಲ. ಬೇರಿಂಗಿನ ಮೇಲೆ 6205 ಅಂತ ಇದ್ದರೆ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಅದು ಕಾರಿನದೋ ಗಿರಣಿಯದೋ ಅನ್ನುವುದು ಲೆಕ್ಕಕ್ಕಿಲ್ಲ. ಆಯಿಲ್ ಸೀಲಿಗೂ ಅದೇ ಲೆಕ್ಕ. ಬೋರು ಸವೆದರೆ 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), 40 ಥೌ, 60 ಥೌ ತನಕ ಕೊರೆಸಿ ದೊಡ್ಡ ಪಿಸ್ಟನ್ ಹಾಕಬಹುದು. ಅಲ್ಲಿಂದಾಚೆಗೆ ಸ್ಲೀವ್ ಹೊಡೆಸಿ ಮತ್ತೆ ಮೊದಲ ಅಳತೆಗೆ ತರಬೇಕು. ಆದರೆ ಕಂಪನಿಯ ಡೈ ಇಲ್ಲದೆ ಆಗದ ಸಾಮಾನೂ ಉಂಟು. ಇವತ್ತು ಇಂಗ್ಲೆಂಡಿನಲ್ಲಿ ಅದೇ ಎಂ.ಜಿ. ಕಂಪನಿಯ ಎಂ.ಜಿ.ಬಿ. ಕಾರಿಗೆ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತಾರೆ, 1988ರಿಂದ ಆ ವ್ಯವಸ್ಥೆ ನಡೆದಿದೆ. ಹಳೇ ಗಾಡಿಯ ಮೇಲೆ ಅಭಿಮಾನವಿದ್ದವರು ಅಷ್ಟು ದೂರ ಯೋಚಿಸಿದ್ದಾರೆ. ನಮ್ಮ ದೇಶದ ಕಂಪನಿಗಳು ಮಾಡೆಲ್ ನಿಲ್ಲಿಸಿದ ಮೇಲೆ ಡೈ, ಪ್ಯಾಟರ್ನುಗಳ ಗತಿ ಏನಾಯಿತೆಂದು ಕೇಳುವವರೇ ಇಲ್ಲ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಹತ್ತಿರದ ಉದಾಹರಣೆ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ಕಟ್ಟಿತು. ಜಯಚಾಮರಾಜ ಒಡೆಯರ್ ಅದಕ್ಕೆ ಒತ್ತಾಸೆಯಾಗಿದ್ದರು. 1973ರಿಂದ ಯೆಜ್ಡಿ ಹೆಸರು ಬಂತು. ನಮ್ಮ ಹಳ್ಳಿಗಳಲ್ಲಿ ಮೇಷ್ಟ್ರು, ಹಾಲಿನವರು, ರೇಷ್ಮೆ ಗೂಡಿನ ವ್ಯಾಪಾರಿಗಳು ಓಡಿಸಿದ ಬೈಕು ಅದು. ಒಂದೇ ಲಿವರನ್ನು ಹಿಂದಕ್ಕೆ ತಿರುಗಿಸಿದರೆ ಕಿಕ್ಕರು, ಮುಂದಕ್ಕೆ ಮಡಚಿದರೆ ಗೇರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಯೆಜ್ಡಿ ಇಂಜಿನ್ ಹಳೇ ಜಾವಾ ಫ್ರೇಮಿಗೆ ಕೂರುತ್ತದೆ. ಹಾಗಾಗಿ ಇವತ್ತು ಜಾವಾ ಟ್ಯಾಂಕು ಹೊಳೆಯಿಸಿಕೊಂಡು ನಿಂತ ಎಷ್ಟೋ ಬೈಕುಗಳ ಒಳಗಿರುವುದು ಯೆಜ್ಡಿ. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಬೈಕು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಇಂಜಿನ್ ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ಒಪ್ಪಿಗೆ ಪಡೆದು ಹೊಸ ನಂಬರನ್ನು ಆರ್‌ಸಿ ಪುಸ್ತಕಕ್ಕೆ ಬರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದನ್ನೇ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಬಿಗಿಮಾಡಿತು. ರಸ್ತೆಯ ಸುರಕ್ಷತೆಗೆ ಆ ಬಿಗಿ ಬೇಕು, ನಾನು ಒಪ್ಪುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ.

ಈ ಅಳತೆಗೋಲು ಅರಮನೆಯ ಕಾರಿಗೆ ಸರಿ. ಚಳಿಗಾಲ ಮಳೆಗಾಲ ಶೆಡ್ಡಿನಲ್ಲಿ ಹೊದ್ದು ಮಲಗಿದ ಕಾರಿನ ಮೂಲ ಇಂಜಿನ್ ಉಳಿದೇ ಇರುತ್ತದೆ. ದುಡಿದ ಗಾಡಿಗೆ ಇದು ಅನ್ಯಾಯ. 1965ರ ಜೀಪೊಂದು ಇವತ್ತು ಕಣ್ಣ ಮುಂದೆ ಇರುವುದೇ 1985ರಲ್ಲಿ ಯಾರೋ ಮೇಸ್ತ್ರಿ ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿದ್ದರಿಂದ. ಆ ಅಡಾಪ್ಟರ್ ಪ್ಲೇಟೂ ಚರಿತ್ರೆಯೇ. ಇಂತಿಷ್ಟು ವರ್ಷಗಳ ಹಿಂದೆ ಆರ್‌ಸಿಯಲ್ಲಿ ಬರೆಸಿ ಮಾಡಿದ ಬದಲಾವಣೆಯನ್ನು ವಾಹನದ ಇತಿಹಾಸದ ಭಾಗವೆಂದೇ ನಿಯಮ ಒಪ್ಪಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಕಸುಬು ಈಗ ಮುಗಿಯುತ್ತ ಬಂದಿದೆ. 2010ರಲ್ಲಿ ಪೆಟ್ರೋಲ್, 2014ರಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. ಎರಡರ ನಡುವಿನ ಅಂತರ ಇಳಿದ ಮೇಲೆ ಡೀಸೆಲಿಗೆ ಬದಲಿಸುವ ಲಾಭವೂ ಇಳಿಯಿತು. 2009ರಿಂದ ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಂತು, ಕಾಡಿನ ಪ್ರಾಣಿಗಳಿಗೆ ಒಳ್ಳೆಯದಾಯಿತು, ರಾತ್ರಿಯಿಡೀ ದೀಪ ಉರಿಯುತ್ತಿದ್ದ ಶೆಡ್ಡುಗಳ ಕೆಲಸ ಇಳಿಯಿತು. 2020ರಲ್ಲಿ ಬಂದ ಬಿಎಸ್-6 ಗಾಡಿಗಳ ಇಂಜಿನ್ನನ್ನು ಅದರ ಕಂಪ್ಯೂಟರಿನಿಂದ ಬೇರ್ಪಡಿಸಿ ಇನ್ನೊಂದಕ್ಕೆ ಕೂರಿಸುವುದು ಕಂಬಿ, ಜೇಡಿಮಣ್ಣಿಗೆ ಬಗ್ಗುವ ಕೆಲಸವಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೂ ಈಗ ತಪ್ಪಲಲ್ಲಿ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು.

ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲದ ಕಡೆಯ ರೈತರಲ್ಲಿ, ತೋಟದವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪಂಪ್‌ಸೆಟ್ ಮನೆಯ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ ಇಳಿಸಿಟ್ಟ ಹಳೇ ಜೀಪಿನ, ಅಂಬಾಸಡರಿನ ಇಂಜಿನ್ ಇರಬಹುದು. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಪ್ಲಗ್ಗಿನ ತೂತುಗಳಿಗೆ ಒಂದಿಷ್ಟು ಆಯಿಲ್ ಬಿಟ್ಟು, ಬಾಯಿ ಮುಚ್ಚಿ, ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ಬ್ಲಾಕಿನ ಮೇಲಿನ ನಂಬರು, ಯಾವ ಗಾಡಿಯದು, ಯಾವ ವರ್ಷ ಇಳಿಸಿದ್ದು, ಯಾವ ಮೇಸ್ತ್ರಿ ಇಳಿಸಿದರು ಎಂದು ಒಂದು ಹಾಳೆಯಲ್ಲಿ ಬರೆದು ಹಳೇ ಆರ್‌ಸಿ ಪುಸ್ತಕದ ಜತೆಗಿಡಿ. ಆ ಮೇಸ್ತ್ರಿ ಬದುಕಿದ್ದರೆ ಈ ವಾರವೇ ಹೋಗಿ ಕೇಳಿ ಬರೆದುಕೊಳ್ಳಿ.