ರಕ್ತವು ಹಿಂದಿರುಗುವ ಬಗೆ



ಹತ್ತೊಂಬತ್ತನೆಯ ಶತಮಾನದಲ್ಲಿ ಕಲಾದಗಿ ಜಿಲ್ಲೆಯೆಂದು ಹೆಸರಾಗಿದ್ದ ಸೀಮೆಯಲ್ಲಿ, ಎಂದರೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸುತ್ತಿನಲ್ಲಿ, ಮಳೆ ಕಡಮೆ. ಎತ್ತುಗಳು ಬಾವಿಯಿಂದ ಎತ್ತಿದ ನೀರು ಕಾಲುವೆಯಲ್ಲಿ ಹರಿದು ತೋಟವನ್ನು ಸೇರುತ್ತಿದ್ದಿತು. ಸೇರಿದ ನೀರು ಬಾವಿಗೆ ಮರಳದು, ನೆಲವು ಕುಡಿದುಬಿಡುವುದು, ಮರುದಿನ ಹೊಸನೀರನ್ನೇ ಎತ್ತಬೇಕು. ಸುಶ್ರುತಸಂಹಿತೆಯು ಸಿರೆಗಳನ್ನು ವರ್ಣಿಸುವಲ್ಲಿ ಹಿಡಿದ ಉಪಮಾನವೂ ಇದೇ. ಕಾಲುವೆಗಳು ತೋಟವನ್ನೂ ಗದ್ದೆಯನ್ನೂ ತಣಿಸುವಂತೆ ಸಿರೆಗಳು ಶರೀರವನ್ನು ತಣಿಸುವುವಂತೆ. ಉಪಮಾನವೇನೋ ಸೊಗಸಾದುದು. ಆದರೆ ಹೋದ ರಕ್ತ ಎಲ್ಲಿ ಹೋಯಿತೆಂಬ ಪ್ರಶ್ನೆಯನ್ನು ಅದು ಏಳಗೊಡುವುದಿಲ್ಲ.

ಬಾದಾಮಿಯ ಚಾಲುಕ್ಯರು ಆಳುತ್ತಿದ್ದಾಗ, ಕ್ರಿ. ಶ. 634ರಲ್ಲಿ, ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದನು. ಹೆಚ್ಚುಕಡಮೆ ಅದೇ ಕಾಲದವನೆಂದು ವಿದ್ವಾಂಸರು ಎಣಿಸುವ ವಾಗ್ಭಟನು ತನ್ನ ವೈದ್ಯಗ್ರಂಥಕ್ಕೆ ಅಷ್ಟಾಂಗಹೃದಯವೆಂದೇ ಹೆಸರಿಟ್ಟನು. ಹೃದಯವನ್ನಾಶ್ರಯಿಸಿದ ಹತ್ತು ಮೂಲಸಿರೆಗಳು ರಸರೂಪವಾದ ಓಜಸ್ಸನ್ನು ಮೈಯೆಲ್ಲಕ್ಕೂ ಒಯ್ಯುವುವೆಂದು ಅವನ ಮತ. ಮುಂದೆ ಶಾರ್ಙ್ಗಧರನು ನಾಡೀಪರೀಕ್ಷೆಯನ್ನು ಬರೆದನು. ಹೆಬ್ಬೆರಳಿನ ಬುಡದಲ್ಲಿ ಮಿಡಿಯುವ ನಾಡಿಯ ನಡೆಯನ್ನು ಹಾವಿಗೂ ಕಪ್ಪೆಗೂ ಹಂಸಕ್ಕೂ ಹೋಲಿಸಿದನು. ನಮ್ಮ ವೈದ್ಯರ ಬೆರಳು ಎಷ್ಟು ಸೂಕ್ಷ್ಮವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೂ ಬೆರಳಿಗೆ ತಾಗುವುದು ಒತ್ತಡದ ಅಲೆಯೇ ಹೊರತು ರಕ್ತದ ಓಟವಲ್ಲ. ಅಲೆಯು ರಕ್ತಕ್ಕಿಂತ ಬಹಳ ಬೇಗ ಸಾಗುತ್ತದೆ.

ಹೀಗೆ ಎಡವಿದವರು ನಾವು ಮಾತ್ರವೆಂದು ಯಾರೂ ತಿಳಿಯಬಾರದು. ಎರಡನೆಯ ಶತಮಾನದ ಗ್ಯಾಲೆನ್ನನ ಮತದಲ್ಲಿಯೂ ಅನ್ನದಿಂದ ಯಕೃತ್ತಿನಲ್ಲಿ ಹುಟ್ಟಿದ ರಕ್ತವು ಹರಿದುಹೋಗಿ ಅಂಗಾಂಗಗಳಲ್ಲಿ ಇಂಗಿಬಿಡುತ್ತಿದ್ದಿತು. ಯೂರೋಪು ಸುಮಾರು ಸಾವಿರದ ನಾನೂರು ವರ್ಷ ಅದನ್ನೇ ನಂಬಿದ್ದಿತು. ನಡುವೆ ಹದಿಮೂರನೆಯ ಶತಮಾನದಲ್ಲಿ ಇಬ್ನ್ ಅಲ್ ನಫೀಸನು ಬಲಗಡೆಯ ರಕ್ತವು ಶ್ವಾಸಕೋಶಗಳ ಮೂಲಕವೇ ಎಡಗಡೆಗೆ ಬರುವುದೆಂದು ಬರೆದನು, ಕೇಳಿದವರು ಕಡಮೆ.

1628ರಲ್ಲಿ, ಎಂದರೆ ಈ ಕಲಾದಗಿ ಸೀಮೆಯು ವಿಜಾಪುರದ ಮಹಮ್ಮದ್ ಆದಿಲ್ ಷಾಹನ ಕೈಯಲ್ಲಿದ್ದಾಗ, ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆಯು ತನ್ನ ಚಿಕ್ಕ ಗ್ರಂಥವನ್ನು ಅಚ್ಚುಹಾಕಿಸಿದನು. ಅದರ ಬಲವೆಲ್ಲ ಒಂದು ಸುಲಭವಾದ ಲೆಕ್ಕದಲ್ಲಿದೆ. ಒಂದು ಬಡಿತಕ್ಕೆ ಅರ್ಧ ಔನ್ಸು ರಕ್ತ ಹೊರಬೀಳುವುದೆನ್ನೋಣ. ಅರ್ಧ ಗಂಟೆಗೆ ಸಾವಿರ ಬಡಿತ. ಅಲ್ಲಿಗೆ ಐನೂರು ಔನ್ಸು. ಅಷ್ಟು ರಕ್ತ ಇಡೀ ದೇಹದಲ್ಲಿಯೇ ಇಲ್ಲ! ಯಾವ ಊಟ ತಾನೆ ಅರ್ಧ ಗಂಟೆಗೊಮ್ಮೆ ಅದನ್ನು ಹೊಸದಾಗಿ ಒದಗಿಸೀತು? ಆದುದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು. ತೋಟದ ಕಾಲುವೆಯ ಉಪಮಾನ ಅಲ್ಲಿಗೆ ಮುಗಿಯಿತು.

ಈಗ ಗೊತ್ತಿರುವ ಲೆಕ್ಕ ಇನ್ನೂ ದೊಡ್ಡದು. ಪ್ರಾಯದವರ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 70 ಸಲ ಬಡಿದು, ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ, 5 ಲೀಟರಿನಷ್ಟು ರಕ್ತವನ್ನು ನೂಕುತ್ತದೆ. ಮೈಯಲ್ಲಿರುವುದೂ ಹೆಚ್ಚುಕಡಮೆ ಅಷ್ಟೆ. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಂತೆ ಸಣ್ಣ ಸಿರೆಗಳು ದೊಡ್ಡವನ್ನು ಕೂಡುತ್ತ ಬಂದು, ಕೊನೆಗೆ ಎರಡು ಮಹಾಸಿರೆಗಳಾಗಿ ಬಲಗಡೆಯ ಮೇಲಣ ಕೋಣೆಯಲ್ಲಿ ಬೀಳುತ್ತವೆ. ಬಲಗಡೆಯ ಕೆಳಕೋಣೆಯು ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಪ್ರಾಣವಾಯುವನ್ನು ಪಡೆದು ಬಂದುದನ್ನು ಎಡಗಡೆಯ ಕೆಳಕೋಣೆಯು ಮೈಯೆಲ್ಲಕ್ಕೂ ಅಟ್ಟುತ್ತದೆ. ನಡುನಡುವೆ ಕವಾಟಗಳು ಒಂದೇ ಕಡೆಗೆ ತೆರೆಯುತ್ತವೆ.

ಸಿರೆಗಳಲ್ಲಿಯೂ ಇಂಥ ಕವಾಟಗಳಿವೆ. ಹಾರ್ವೆಯ ಗುರು ಫ್ಯಾಬ್ರೀಷಿಯಸನು ಅವನ್ನು 1603ರಲ್ಲಿ ವರ್ಣಿಸಿದ್ದನು; ಉಪಯೋಗವನ್ನು ಮಾತ್ರ ಅರಿಯಲಿಲ್ಲ. ಶ್ರೋತೃಗಳು ಬೇಕಾದರೆ ಈಗಲೇ ಕೈಯನ್ನು ಇಳಿಬಿಟ್ಟು, ಉಬ್ಬಿದ ಒಂದು ಸಿರೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೇಲಕ್ಕೆ ಸವರಿ ನೋಡಬಹುದು. ಕವಾಟದವರೆಗಿನ ಭಾಗ ಬರಿದಾಗಿಯೇ ಉಳಿಯುವುದು. ಮೇಲಿನಿಂದ ರಕ್ತ ಇಳಿಯದು. ಒತ್ತಿದ ಬೆರಳೆತ್ತಿದೊಡನೆ ಕೆಳಗಿನಿಂದ ತುಂಬುವುದು.

ಇನ್ನೊಂದು ಮಾತು. ತಂಜಾವೂರಿನ ಹಸ್ತಪ್ರತಿಯಿಂದ 1921ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಭೇಲಸಂಹಿತೆಯಲ್ಲಿ, ರಸವು ಹೃದಯದಿಂದ ಹೊರಟು ಸಿರೆಗಳ ಮೂಲಕ ಹೃದಯಕ್ಕೇ ಬರುವುದೆಂಬ ಅರ್ಥದ ಮಾತಿದೆ. ಇದನ್ನು ಹಿಡಿದು ಹಾರ್ವೆಗಿಂತ ಮೊದಲೇ ನಾವು ಎಲ್ಲವನ್ನೂ ಬಲ್ಲೆವೆಂದು ಹೆಮ್ಮೆಪಡುವವರುಂಟು. ಮಾತು ನಿಜಕ್ಕೂ ಆಶ್ಚರ್ಯಕರವಾದುದು. ಅದನ್ನಾಡಿದವನ ಊಹೆ ದೊಡ್ಡದು. ಆದರೆ ಯಾರೂ ಅದನ್ನು ಅಳೆದು ತೋರಿಸಲಿಲ್ಲ, ಶಿಷ್ಯರು ಬೆಳೆಸಲಿಲ್ಲ. ಹೆಣವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಮೆಲ್ಲನೆ ಉಜ್ಜಿ ಒಳಗನ್ನು ನೋಡಬೇಕೆಂದು ಸುಶ್ರುತನೇ ವಿಧಿಸಿದ್ದ ಅಭ್ಯಾಸವೂ ನಮ್ಮಲ್ಲಿ ನಿಂತುಹೋಗಿದ್ದಿತು.

ಹಾರ್ವೆಗೂ ಒಂದು ಕೊಂಡಿ ಕಾಣಲಿಲ್ಲ. ಧಮನಿಯ ರಕ್ತವು ಸಿರೆಗೆ ಹೇಗೆ ದಾಟುವುದು? ಅವನು 1657ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪೀಘಿಯು ಸೂಕ್ಷ್ಮದರ್ಶಕದ ಕೆಳಗೆ ಕಪ್ಪೆಯ ಶ್ವಾಸಕೋಶವನ್ನಿಟ್ಟು ನೋಡಿದನು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಒಂದೊಂದಾಗಿ ಕೊಂಡಿಹಾಕಿ ಕೂಡಿಸುವಂತೆ, ಧಮನಿಗಳ ಕೊನೆಯನ್ನೂ ಸಿರೆಗಳ ಮೊದಲನ್ನೂ ಕೂಡಿಸುವ, ಕೂದಲಿಗಿಂತಲೂ ಸಣ್ಣಗಿನ ನಾಳಗಳು ಅಲ್ಲಿದ್ದುವು.